ಕಾಲೇಜು ಬಾಸ್ಕೆಟ್‌ಬಾಲ್‌ನ ಶ್ರೇಷ್ಠ ಕೋಚ್‌ಗಳು: ಮೊದಲ ಸ್ಥಾನ ಯಾರಿಗೆ, ಅಳೆಯುವುದು ಹೇಗೆ?

ಓಮಲೂರು: ಪ್ಲಸ್ ಟೂ ಫಲಿತಾಂಶ ಬಂದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು, ಮುಂದೆ ಯಾವ ಕಾಲೇಜು? ಸೇಲಂ ಸಾಕೇ, ಧರ್ಮಪುರಿಯೇ, ಇಲ್ಲ ಗಡಿ ದಾಟಿ ಬೆಂಗಳೂರಿಗೇ ಕಳಿಸುವುದೇ? ಮಗನೋ ಮಗಳೋ ಆಟದಲ್ಲಿ ಮುಂದಿದ್ದರೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಆ ಕಾಲೇಜಿನ ಕೋಚ್ ಹೇಗೆ? ಕಾಲೇಜಿನವರು ಹಂಚುವ ಕರಪತ್ರದಲ್ಲಿ ಗೆದ್ದ ಕಪ್ಪುಗಳ ಫೋಟೊ ಇರುತ್ತದೆ. ಕಪ್ಪು ಹೆಚ್ಚಿದ್ದರೆ ಕೋಚ್ ಒಳ್ಳೆಯವರು ಎಂದು ನಾವೂ ನಂಬಿಬಿಡುತ್ತೇವೆ.

ಕೋಚ್‌ಗಳನ್ನು ಹೀಗೆ ಎಣಿಸಿ, ತೂಗಿ, ಸ್ಥಾನ ಕೊಡುವ ರೂಢಿ ಅತಿ ಹೆಚ್ಚಾಗಿ ಬೆಳೆದಿರುವುದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ. ಅಲ್ಲಿ ನೂರು ವರ್ಷಕ್ಕೂ ಹಿಂದಿನ ಸೋಲು ಗೆಲುವಿನ ಲೆಕ್ಕ ಸಿಗುತ್ತದೆ. ಆ ಪಟ್ಟಿಯಲ್ಲಿ ಮುಂದಿರುವ ಏಳು ಮಂದಿಯ ವಿವರ ಇಲ್ಲಿದೆ. ಜೊತೆಗೆ ಆ ಪಟ್ಟಿ ಎಣಿಸದೆ ಬಿಡುವುದೇನು, ಅದರಿಂದ ನಮ್ಮ ಮಕ್ಕಳಿಗೆ ತಿಳಿಯಬೇಕಾದುದೇನು ಎಂಬುದೂ ಇದೆ.

ಆಟ ಬಂದ ದಾರಿ

ತಮಿಳು ಶಾಲೆಗಳಲ್ಲಿ ‘ಕೂಡೈಪಂದು’ ಎಂದು ಕರೆಯುವ ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಕೆನಡಾ ಮೂಲದ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಿಸಲು ಒಂದು ಆಟ ಬೇಕೆಂದು ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದರು. ಬುಟ್ಟಿಯೇ ಆಟದ ಹೆಸರಾಯಿತು.

ಭಾರತಕ್ಕೂ ಆಟ ಬಂದದ್ದು ವೈ.ಎಂ.ಸಿ.ಎ. ಮೂಲಕವೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ನಮ್ಮ ಶಾಲೆಗಳ ಪಿ.ಟಿ. ಮೇಷ್ಟ್ರುಗಳ ಪರಂಪರೆಗೆ ಅದು ತವರುಮನೆ ಇದ್ದಂತೆ. ದೇಶದ ಮೊದಲ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ 1934ರಲ್ಲಿ ದೆಹಲಿಯಲ್ಲಿ ನಡೆಯಿತು. ಭಾರತೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಸ್ಥಾಪನೆಯಾದದ್ದು 1950ರಲ್ಲಿ.

ಅಮೆರಿಕದಲ್ಲಿ ಕೋಚ್‌ಗೆ ಯಾಕಿಷ್ಟು ಬೆಲೆ?

ಅಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ಮುಖ್ಯ ಸಂಸ್ಥೆ ಎನ್.ಸಿ.ಎ.ಎ. ನವೆಂಬರ್‌ನಲ್ಲಿ ಶುರುವಾಗುವ ಋತು ಏಪ್ರಿಲ್ ಆರಂಭದಲ್ಲಿ ಮುಗಿಯುತ್ತದೆ. ಕೊನೆಯ ಘಟ್ಟದ ರಾಷ್ಟ್ರೀಯ ಟೂರ್ನಿಯಲ್ಲಿ 68 ತಂಡಗಳು ಆಡುತ್ತವೆ. ಒಮ್ಮೆ ಸೋತರೆ ಮನೆಗೆ. ಪುರುಷರಿಗೆ ಈ ಟೂರ್ನಿ 1939ರಿಂದ ಇದೆ, ಮಹಿಳೆಯರಿಗೆ 1982ರಿಂದ.

ಕಾಲೇಜು ತಂಡದ ಕಷ್ಟ ಏನೆಂದರೆ ಆಟಗಾರರು ನಿಲ್ಲುವುದಿಲ್ಲ. ಹೆಚ್ಚೆಂದರೆ ನಾಲ್ಕು ವರ್ಷ ಆಡಿ ಹೋಗಿಬಿಡುತ್ತಾರೆ. ಹೊಸಬರನ್ನು ಹುಡುಕುವುದು, ಅವರ ಮನೆಗೆ ಹೋಗಿ ಅಪ್ಪ ಅಮ್ಮನನ್ನು ಒಪ್ಪಿಸುವುದು, ಆಟ ಕಲಿಸುವುದು, ಓದಿನ ಮೇಲೆ ಕಣ್ಣಿಡುವುದು ಎಲ್ಲವೂ ಕೋಚ್ ತಲೆಯ ಮೇಲೆಯೇ. ಆಟಗಾರರು ಬದಲಾಗುತ್ತಿದ್ದರೂ ಕೋಚ್ ಇಪ್ಪತ್ತು, ಮೂವತ್ತು ವರ್ಷ ಇರುತ್ತಾರೆ. ಅದಕ್ಕೇ ಕಾಲೇಜಿನ ಹೆಸರಿನ ಜೊತೆ ಕೋಚ್ ಹೆಸರು ಅಂಟಿಕೊಂಡುಬಿಡುತ್ತದೆ.

ಏಳು ಮಂದಿಯ ಪಟ್ಟಿ

ರಾಷ್ಟ್ರೀಯ ಪ್ರಶಸ್ತಿಗಳು, ಒಟ್ಟು ಗೆಲುವು, ತಂಡವನ್ನು ಎಲ್ಲಿಂದ ಎಲ್ಲಿಗೆ ತಂದರು ಎಂಬುದು, ಆಟಗಾರರ ಓದು ಮತ್ತು ನಡತೆ ಎಲ್ಲವನ್ನೂ ಸೇರಿಸಿ ನೋಡಿದರೆ ಕ್ರಮ ಹೀಗಿರುತ್ತದೆ.

1. ಜಾನ್ ವುಡನ್ (ಯು.ಸಿ.ಎಲ್.ಎ.): 1964ರಿಂದ 1975ರ ನಡುವಿನ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ. ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು. ಒಂದು ಹಂತದಲ್ಲಿ ಸತತ 88 ಪಂದ್ಯ ಗೆದ್ದರು. ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಪ್ರತಿ ವರ್ಷದ ಮೊದಲ ಪಾಠ ಕಾಲುಚೀಲ ಹಾಕಿಕೊಳ್ಳುವುದು ಹೇಗೆ ಎಂಬುದು! ಮಡಿಕೆ ಉಳಿದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ ಎಂಬುದು ಅವರ ಲೆಕ್ಕ. 1947ರಲ್ಲಿ ಇಂಡಿಯಾನಾ ಸ್ಟೇಟ್ ಕಾಲೇಜಿನಲ್ಲಿದ್ದಾಗ, ತಮ್ಮ ತಂಡದ ಕಪ್ಪು ವರ್ಣದ ಆಟಗಾರನನ್ನು ಸೇರಿಸುವುದಿಲ್ಲ ಎಂದ ಟೂರ್ನಿಗೆ ಹೋಗಲು ಅವರು ಒಪ್ಪಲಿಲ್ಲ. 2010ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು.

2. ಪ್ಯಾಟ್ ಸಮ್ಮಿಟ್ (ಟೆನೆಸ್ಸಿ, ಮಹಿಳಾ ತಂಡ): 38 ಋತು, 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. 1974ರಲ್ಲಿ 22ನೇ ವಯಸ್ಸಿಗೆ ಕೋಚ್ ಆದಾಗ ಸಂಬಳ ತಿಂಗಳಿಗೆ 250 ಡಾಲರ್. ತಂಡದ ಸಮವಸ್ತ್ರ ಒಗೆಯುವವರೂ ಅವರೇ, ವ್ಯಾನ್ ಓಡಿಸುವವರೂ ಅವರೇ. ಅವರ ಕೈಕೆಳಗೆ ಪೂರ್ಣ ಅವಧಿ ಆಡಿದ ಹುಡುಗಿಯರು ಡಿಗ್ರಿಯನ್ನೂ ಮುಗಿಸಿಯೇ ಹೋಗುತ್ತಿದ್ದರು ಎಂಬುದು ಅವರ ದೊಡ್ಡ ಹೆಸರು. ಮರೆವಿನ ಕಾಯಿಲೆಯಿಂದ 2012ರಲ್ಲಿ ನಿವೃತ್ತರಾದರು. 2016ರಲ್ಲಿ ನಿಧನರಾದರು.

3. ಮೈಕ್ ಶಶೆಫ್ಸ್ಕಿ (ಡ್ಯೂಕ್): ಹೆಸರು ಹೇಳುವುದು ಕಷ್ಟವೆಂದು ಅಲ್ಲಿನವರೇ ‘ಕೋಚ್ ಕೆ’ ಎನ್ನುತ್ತಾರೆ. ಪುರುಷರ ಮೇಲ್ದರ್ಜೆ ಕಾಲೇಜು ಆಟದಲ್ಲಿ ಅತಿ ಹೆಚ್ಚು, 1,202 ಗೆಲುವು. 5 ರಾಷ್ಟ್ರೀಯ ಪ್ರಶಸ್ತಿ. 2008, 2012, 2016ರ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡಕ್ಕೆ ಚಿನ್ನ ಗೆಲ್ಲಿಸಿದವರು. ಆದರೆ 1980ರಲ್ಲಿ ಡ್ಯೂಕ್ ಸೇರಿದ ಮೊದಲ ಮೂರು ಋತುಗಳಲ್ಲಿ ಗೆದ್ದದ್ದು 38, ಸೋತದ್ದು 47. ಕಾಲೇಜು ತಾಳ್ಮೆ ಕಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. 2022ರಲ್ಲಿ ನಿವೃತ್ತರಾದರು.

4. ಜೀನೊ ಔರಿಯೆಮ್ಮ (ಕನೆಕ್ಟಿಕಟ್, ಮಹಿಳಾ ತಂಡ): ಇಟಲಿಯಲ್ಲಿ ಹುಟ್ಟಿ ಏಳನೇ ವಯಸ್ಸಿಗೆ ಅಮೆರಿಕಕ್ಕೆ ಬಂದವರು. 1985ರಲ್ಲಿ ತಂಡವನ್ನು ಕೈಗೆತ್ತಿಕೊಂಡರು. ಅದಕ್ಕೆ ಮೊದಲು ಆ ತಂಡ ಸೋಲಿಗಿಂತ ಗೆಲುವು ಹೆಚ್ಚು ಕಂಡದ್ದು ಒಂದೇ ಒಂದು ಋತುವಿನಲ್ಲಿ. 2025ರ ತನಕ 12 ರಾಷ್ಟ್ರೀಯ ಪ್ರಶಸ್ತಿ ಬಂದಿವೆ. 2014ರಿಂದ 2017ರ ನಡುವೆ ಸತತ 111 ಗೆಲುವು. 2024ರ ನವೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್ವೀರ್ ಅವರ 1,216 ಗೆಲುವಿನ ದಾಖಲೆಯನ್ನು ದಾಟಿದರು. ಪ್ರಶಸ್ತಿಯನ್ನಷ್ಟೇ ಎಣಿಸಿದರೆ ಇವರೇ ಮೊದಲು. ಸಮ್ಮಿಟ್ ಮೇಲಿರುವುದಕ್ಕೆ ಕಾರಣ, ಮಹಿಳೆಯರ ಆಟಕ್ಕೆ ಮೈದಾನವೂ ಹಣವೂ ಇಲ್ಲದ ದಿನಗಳಲ್ಲಿ ದಾರಿ ಕಡಿದವರು ಅವರು.

5. ಡೀನ್ ಸ್ಮಿತ್ (ನಾರ್ತ್ ಕೆರೊಲಿನಾ): 36 ಋತುಗಳಲ್ಲಿ 879 ಗೆಲುವು, 1982 ಮತ್ತು 1993ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ಮೈಕೆಲ್ ಜೋರ್ಡಾನ್ ಇವರ ಶಿಷ್ಯ. 1965ರಲ್ಲಿ ತಂಡ ಸೋಲುತ್ತಿದ್ದಾಗ ಸ್ವಂತ ಕಾಲೇಜಿನ ವಿದ್ಯಾರ್ಥಿಗಳೇ ಇವರ ಪ್ರತಿಕೃತಿಯನ್ನು ನೇಣಿಗೆ ತೂಗುಹಾಕಿದ್ದರು. ಅವರ ಆಟಗಾರರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಡಿಗ್ರಿ ಪಡೆದರು. ಆ ಕಾಲೇಜಿನಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ವರ್ಣದ ಆಟಗಾರ ಚಾರ್ಲಿ ಸ್ಕಾಟ್‌ನನ್ನು ಕರೆತಂದವರೂ ಇವರೇ. 2015ರಲ್ಲಿ ತೀರಿಕೊಂಡ ಮೇಲೆ ಅವರ ಉಯಿಲಿನಂತೆ ಹಳೆಯ ಆಟಗಾರರಿಗೆಲ್ಲ ತಲಾ 200 ಡಾಲರ್ ಚೆಕ್ ಹೋಯಿತು, ಹೊರಗೆ ಹೋಗಿ ಒಂದು ಊಟ ಮಾಡಿ ಎಂದು.

6. ಅಡಾಲ್ಫ್ ರಪ್ (ಕೆಂಟಕಿ): 1930ರಿಂದ 1972ರವರೆಗೆ 876 ಗೆಲುವು, 4 ರಾಷ್ಟ್ರೀಯ ಪ್ರಶಸ್ತಿ. ಎಣಿಕೆಯಲ್ಲಿ ಮೇಲೆ ಬರಬೇಕಾದವರು. ಆದರೆ ಕಪ್ಪು ವರ್ಣದ ಆಟಗಾರರನ್ನು ತಂಡಕ್ಕೆ ಸೇರಿಸಿಕೊಳ್ಳಲು ತೀರಾ ತಡಮಾಡಿದರು. 1966ರ ಫೈನಲ್‌ನಲ್ಲಿ ಡಾನ್ ಹ್ಯಾಸ್ಕಿನ್ಸ್ ಕೋಚ್ ಆಗಿದ್ದ ಟೆಕ್ಸಾಸ್ ವೆಸ್ಟರ್ನ್ ತಂಡ ಐವರು ಕಪ್ಪು ವರ್ಣದ ಆಟಗಾರರನ್ನೇ ಮೊದಲು ಇಳಿಸಿ, ಬಿಳಿಯರಷ್ಟೇ ಇದ್ದ ಕೆಂಟಕಿಯನ್ನು 72–65ರಿಂದ ಸೋಲಿಸಿತು. ಅಮೆರಿಕದ ಕಾಲೇಜು ಆಟದ ದಿಕ್ಕು ಬದಲಿಸಿದ ಪಂದ್ಯ ಅದು.

7. ಬಾಬ್ ನೈಟ್ (ಇಂಡಿಯಾನಾ): 902 ಗೆಲುವು, 3 ರಾಷ್ಟ್ರೀಯ ಪ್ರಶಸ್ತಿ. 1975–76ರಲ್ಲಿ ಒಂದೂ ಸೋಲದೆ 32 ಪಂದ್ಯ ಗೆದ್ದರು. ಆದರೆ ಸಿಟ್ಟು ಅವರ ಶತ್ರು. 1985ರಲ್ಲಿ ಪಂದ್ಯದ ಮಧ್ಯೆ ಅಂಗಳಕ್ಕೆ ಕುರ್ಚಿ ಎಸೆದರು. ಅಭ್ಯಾಸದ ವೇಳೆ ಆಟಗಾರನ ಕುತ್ತಿಗೆಗೆ ಕೈ ಹಾಕಿದ ವಿಡಿಯೊ 2000ದಲ್ಲಿ ಹೊರಬಂತು. ಅದೇ ವರ್ಷ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಗೆಲುವು ಎಷ್ಟಿದ್ದರೂ ನಡತೆಯ ಲೆಕ್ಕ ಬೇರೆಯೇ ಎಂಬುದಕ್ಕೆ ಇವರು ಉದಾಹರಣೆ.

ಎಣಿಕೆಗೆ ಸಿಗದ ಕೋಚ್

ಗೆಲುವಿನ ಪ್ರಮಾಣವೊಂದನ್ನೇ ಹಿಡಿದರೆ ಕೆಂಟಕಿಯ ರಪ್ ಮೇಲೆ ಬರುತ್ತಾರೆ. ಹಾಗಾದರೆ ಆಟವನ್ನೇ ಕಂಡುಹಿಡಿದ ನೈಸ್ಮಿತ್ ಎಲ್ಲಿ ನಿಲ್ಲುತ್ತಾರೆ? ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1898ರಿಂದ 1907ರವರೆಗೆ ಕೋಚ್ ಆಗಿದ್ದರು. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ಕೋಚ್ ಆಟದ ಜನಕನೇ!

ಆದರೆ ಅವರ ಶಿಷ್ಯರನ್ನು ನೋಡಿ. ನೈಸ್ಮಿತ್ ಬಳಿ ಆಡಿದ ಫಾಗ್ ಅಲೆನ್ ಅದೇ ಕ್ಯಾನ್ಸಸ್‌ಗೆ ಕೋಚ್ ಆಗಿ 590 ಪಂದ್ಯ ಗೆಲ್ಲಿಸಿದರು. ಅಲೆನ್ ಬಳಿ ಆಡಿದವರಲ್ಲಿ ಒಬ್ಬರು ರಪ್, ಇನ್ನೊಬ್ಬರು ಡೀನ್ ಸ್ಮಿತ್. ಮೇಲಿನ ಪಟ್ಟಿಯ ಏಳರಲ್ಲಿ ಇಬ್ಬರು ಹೀಗೆ ನೈಸ್ಮಿತ್ ಮನೆತನದವರೇ.

ಮತ್ತೊಬ್ಬ ಶಿಷ್ಯ ಜಾನ್ ಮೆಕ್ಲೆಂಡನ್. 1930ರ ದಶಕದಲ್ಲಿ ಕ್ಯಾನ್ಸಸ್‌ನಲ್ಲಿ ಓದುತ್ತಿದ್ದ ಈ ಕಪ್ಪು ವರ್ಣದ ಯುವಕನಿಗೆ ಕಾಲೇಜು ತಂಡದಲ್ಲಿ ಆಡಲು ಅವಕಾಶವಿರಲಿಲ್ಲ. ನೈಸ್ಮಿತ್ ಆಗ ಕೋಚ್ ಆಗಿರಲಿಲ್ಲ, ಪಾಠ ಹೇಳುವ ಪ್ರಾಧ್ಯಾಪಕ. ಈ ಹುಡುಗನಿಗೆ ಆಟದ ಒಳಗುಟ್ಟು ಕಲಿಸಿದರು. ಮೆಕ್ಲೆಂಡನ್ ಮುಂದೆ ಟೆನೆಸ್ಸಿ ಎ ಅಂಡ್ ಐ ಕಾಲೇಜಿನ ಕೋಚ್ ಆಗಿ, ಚಿಕ್ಕ ಕಾಲೇಜುಗಳ ಎನ್.ಎ.ಐ.ಎ. ರಾಷ್ಟ್ರೀಯ ಪ್ರಶಸ್ತಿಯನ್ನು 1957, 1958, 1959ರಲ್ಲಿ ಸತತವಾಗಿ ಗೆದ್ದರು. ಈ ಗೆಲುವುಗಳಲ್ಲಿ ಒಂದೂ ನೈಸ್ಮಿತ್ ಖಾತೆಗೆ ಜಮೆಯಾಗುವುದಿಲ್ಲ. ಎಲ್ಲ ಪಟ್ಟಿಗಳ ದೋಷ ಇದೇ. ಕಪ್ಪು ಎತ್ತಿಹಿಡಿದ ದಿನ ಪಕ್ಕದಲ್ಲಿ ಯಾರಿದ್ದರೋ ಅವರದ್ದಷ್ಟೇ ಲೆಕ್ಕ.

ನಮ್ಮ ದೇಶದಲ್ಲಿ ಹೇಗೆ?

ಇಲ್ಲಿ ಅಂಥ ಪಟ್ಟಿ ಕಟ್ಟುವುದೇ ಕಷ್ಟ. ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲ್‌ಗೆಂದೇ ಬೇರೆ ಕೋಚ್ ಇರುವುದಿಲ್ಲ. ಒಬ್ಬರೇ ಫಿಸಿಕಲ್ ಡೈರೆಕ್ಟರ್ ಕಬಡ್ಡಿ, ವಾಲಿಬಾಲ್, ಓಟ, ಜಿಗಿತ ಎಲ್ಲವನ್ನೂ ನೋಡಿಕೊಳ್ಳಬೇಕು. ಕಾಲೇಜು ತಂಡಗಳಿಂದ ಆಯ್ದವರು ವಿಶ್ವವಿದ್ಯಾಲಯ ತಂಡಕ್ಕೆ ಹೋಗುತ್ತಾರೆ. ಓಮಲೂರಿನಿಂದ ಸೇಲಂಗೆ ಹೋಗುವ ದಾರಿಯಲ್ಲಿ ಕರುಪ್ಪೂರಿನ ಬಳಿ ಸಿಗುವ, 1997ರಲ್ಲಿ ಆರಂಭವಾದ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ನಮ್ಮ ಸುತ್ತಿನ ಅನೇಕ ಕಾಲೇಜುಗಳು ಸೇರಿವೆ. ವಿಶ್ವವಿದ್ಯಾಲಯ ತಂಡಗಳು ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಆಡುತ್ತವೆ.

ಹಾಗಿದ್ದೂ ನಮ್ಮ ಆಟಗಾರರು ಬೆಳೆದಿಲ್ಲ ಎಂದಲ್ಲ. ಚೆನ್ನೈನ ಅನಿತಾ ಪಾಲ್‌ದುರೈ ಭಾರತ ಮಹಿಳಾ ತಂಡದ ನಾಯಕಿಯಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿತು. ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್.ಬಿ.ಎ. ಆಯ್ಕೆಯಲ್ಲಿ 52ನೆಯವನಾಗಿ ಡಲ್ಲಾಸ್ ತಂಡದ ಪಾಲಾದ. ಲುಧಿಯಾನದ ಅಕಾಡೆಮಿಯಲ್ಲಿ ಅವನನ್ನು ತಿದ್ದಿದ ಕೋಚ್ ಡಾ. ಎಸ್. ಸುಬ್ರಮಣಿಯನ್ ಆ ದಿನ ನೋಡಲು ಇರಲಿಲ್ಲ. 2013ರಲ್ಲೇ ಅವರು ತೀರಿಕೊಂಡಿದ್ದರು.

ಕೋಚ್‌ಗಳಿಗೆ ಸರ್ಕಾರ ಕೊಡುವ ದೊಡ್ಡ ಗೌರವ ದ್ರೋಣಾಚಾರ್ಯ ಪ್ರಶಸ್ತಿ. 1985ರಲ್ಲಿ ಮೊದಲ ಸಲ ಪಡೆದ ಮೂವರಲ್ಲಿ ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್ ಒಬ್ಬರು. 2013ರಲ್ಲಿ ಕೇರಳದ ಕೋರುತ್ತೋಡು ಎಂಬ ಊರಿನ ಶಾಲೆಯಲ್ಲಿ ಮಕ್ಕಳನ್ನು ಬೆಳೆಸಿದ ಕೆ.ಪಿ. ಥಾಮಸ್ ಅವರಿಗೂ ಸಿಕ್ಕಿತು. ಶಾಲೆಯ ಮೇಷ್ಟ್ರಿಗೆ ಇಂಥ ಗೌರವ ಸಿಗುವುದು ಅಪರೂಪ. ಸಾಮಾನ್ಯವಾಗಿ ಇದೂ ಅಂತರರಾಷ್ಟ್ರೀಯ ಪದಕದ ಹಿಂದೆಯೇ ಹೋಗುವ ಗೌರವ.

ಓಮಲೂರು ಸೀಮೆಯ ಲೆಕ್ಕ

ಪದಕದ ಹಿಂದೆ ಎಷ್ಟು ಕೈಗಳಿರುತ್ತವೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಆಟ ಬಾಸ್ಕೆಟ್‌ಬಾಲ್ ಅಲ್ಲ, ಎತ್ತರ ಜಿಗಿತ. ಆದರೆ ಕೋಚ್ ಯಾರು ಎಂಬ ಪ್ರಶ್ನೆ ಅದೇ.

ಓಮಲೂರು ಕಡೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಐದನೇ ವಯಸ್ಸಿನಲ್ಲಿ ಶಾಲೆಗೆ ಹೋಗುವಾಗ ಬಸ್ ಹರಿದು ಬಲಗಾಲಿಗೆ ಶಾಶ್ವತ ಊನವಾಯಿತು. ತಾಯಿ ಇಟ್ಟಿಗೆ ಹೊತ್ತು, ತರಕಾರಿ ಮಾರಿ ಸಾಕಿದರು. ವಾಲಿಬಾಲ್ ಆಡುತ್ತಿದ್ದ ಹುಡುಗನನ್ನು ಎತ್ತರ ಜಿಗಿತಕ್ಕೆ ತಿರುಗಿಸಿದವರು ಶಾಲೆಯ ಪಿ.ಟಿ. ಮೇಷ್ಟ್ರು. 14ನೇ ವಯಸ್ಸಿಗೆ ಊನವಿಲ್ಲದ ಹುಡುಗರ ಜೊತೆ ಜಿಗಿದು ಎರಡನೇ ಸ್ಥಾನ ಪಡೆದ. ಮುಂದೆ ಸೇಲಂನ ಎ.ವಿ.ಎಸ್. ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ ಬಿ.ಬಿ.ಎ. ಓದಿದ.

2013ರ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದಲ್ಲಿ ಅವನನ್ನು ಗುರುತಿಸಿದವರು ಬೆಂಗಳೂರಿನ ಕೋಚ್ ಸತ್ಯನಾರಾಯಣ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಅವರಿಗೂ ಇವರೇ ಕೋಚ್. 2015ರಲ್ಲಿ ಮಾರಿಯಪ್ಪನ್ ಅವರನ್ನು ಬೆಂಗಳೂರಿಗೆ ಕರೆದೊಯ್ದು ತರಬೇತಿ ಕೊಟ್ಟರು. 2016ರ ಸೆಪ್ಟೆಂಬರ್‌ನಲ್ಲಿ ರಿಯೊದಲ್ಲಿ 1.89 ಮೀಟರ್ ಜಿಗಿದು ಚಿನ್ನ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ 1.86 ಮೀಟರ್‌ಗೆ ಬೆಳ್ಳಿ. 2024ರ ಪ್ಯಾರಿಸ್‌ನಲ್ಲಿ 1.85 ಮೀಟರ್‌ಗೆ ಕಂಚು. ಮಾರಿಯಪ್ಪನ್ ಅವರಿಗೆ 2017ರಲ್ಲಿ ಪದ್ಮಶ್ರೀ, 2020ರಲ್ಲಿ ಖೇಲ್ ರತ್ನ ಬಂತು.

ಕೋಚ್‌ಗಳ ಪಾಲು? 2017ರಲ್ಲಿ ಆಯ್ಕೆ ಸಮಿತಿ ದ್ರೋಣಾಚಾರ್ಯಕ್ಕೆ ಸತ್ಯನಾರಾಯಣ ಅವರ ಹೆಸರನ್ನು ಶಿಫಾರಸು ಮಾಡಿತ್ತು. ಪ್ರಕರಣವೊಂದು ಬಾಕಿ ಇದೆ ಎಂಬ ಕಾರಣದಿಂದ ಕ್ರೀಡಾ ಸಚಿವಾಲಯ ಅಂತಿಮ ಪಟ್ಟಿಯಿಂದ ಆ ಹೆಸರನ್ನು ಕೈಬಿಟ್ಟಿತು. ಶಾಲೆಯ ಪಿ.ಟಿ. ಮೇಷ್ಟ್ರ ಹೆಸರಂತೂ ಯಾವ ಶಿಫಾರಸಿಗೂ ಹೋಗುವಂಥದ್ದಲ್ಲ. ಆದರೆ ಅವರು ಅಂದು ಹುಡುಗನ ಕಾಲು ನೋಡಿ ಪಕ್ಕಕ್ಕೆ ಕೂರಿಸಿದ್ದರೆ ರಿಯೊದ ಮಾತು ಎಲ್ಲಿಂದ ಬರುತ್ತಿತ್ತು?

ಮಕ್ಕಳನ್ನು ಸೇರಿಸುವ ಮುನ್ನ ಕೇಳಬೇಕಾದದ್ದು

ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ ಕ್ರೀಡಾ ಕೋಟಾದಡಿ 500 ಸೀಟುಗಳಿವೆ. ಕಲಾ ಕಾಲೇಜುಗಳೂ ಆಟಗಾರರನ್ನು ಕರೆದು ಸೇರಿಸಿಕೊಳ್ಳುವುದುಂಟು. ಕರಪತ್ರದ ಕಪ್ಪುಗಳನ್ನು ನೋಡುವ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿದರೆ ಒಳ್ಳೆಯದು.

* ಕೋಚ್ ಎಷ್ಟು ವರ್ಷದಿಂದ ಇದ್ದಾರೆ? ವುಡನ್ ಯು.ಸಿ.ಎಲ್.ಎ. ಸೇರಿದ್ದು 1948ರಲ್ಲಿ, ಮೊದಲ ಪ್ರಶಸ್ತಿ ಬಂದದ್ದು 1964ರಲ್ಲಿ. ವರ್ಷಕ್ಕೊಬ್ಬ ಕೋಚ್ ಬದಲಾಗುವ ಕಡೆ ಮಕ್ಕಳು ಕಲಿಯುವುದು ಕಡಿಮೆ.

* ಹಿಂದಿನ ಆಟಗಾರರಲ್ಲಿ ಎಷ್ಟು ಮಂದಿ ಡಿಗ್ರಿ ಮುಗಿಸಿದರು? ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ, ತಪ್ಪಿದ ಪರೀಕ್ಷೆಗೆ ಏನು ವ್ಯವಸ್ಥೆ? ಸಮ್ಮಿಟ್ ಮತ್ತು ಸ್ಮಿತ್ ಹೆಸರು ಉಳಿದದ್ದು ಇದರಿಂದಲೂ ಹೌದು.

* ಗಾಯವಾಗಿ ಆಡಲಾಗದಿದ್ದರೆ ಫೀಸ್ ರಿಯಾಯಿತಿ, ಹಾಸ್ಟೆಲ್ ಮುಂದುವರಿಯುತ್ತದೆಯೇ? ಬಾಯಿಮಾತು ಸಾಲದು, ಬರಹದಲ್ಲಿ ಕೇಳಿ.

* ಹುಡುಗಿಯರಿಗೆ ಬೇರೆ ಅಭ್ಯಾಸದ ಸಮಯ ಇದೆಯೇ, ಪಂದ್ಯಕ್ಕೆ ಹೋಗುವಾಗ ಜೊತೆಗೆ ಮಹಿಳಾ ಸಿಬ್ಬಂದಿ ಬರುತ್ತಾರೆಯೇ?

* ಬೈಗುಳ, ಹೊಡೆತದಿಂದ ಆಟ ಕಲಿಸುವವರೇ? ಇದನ್ನು ಕಾಲೇಜಿನವರು ಹೇಳುವುದಿಲ್ಲ. ಈಗ ಆಡುತ್ತಿರುವ, ಎರಡು ವರ್ಷ ಹಿಂದೆ ಬಿಟ್ಟ ಮಕ್ಕಳನ್ನು ಕೇಳಿದರೆ ತಿಳಿಯುತ್ತದೆ.

* ಶಾಲೆಯ ಸರ್ಟಿಫಿಕೇಟುಗಳೆಲ್ಲ ಸರಿಯಿವೆಯೇ? ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟಕ್ಕೆ ಬೇರೆ ಬೇರೆ ಅಂಕ ಇರುತ್ತದೆ. ಗಡಿಯಾಚೆ ಕರ್ನಾಟಕದ ಕಾಲೇಜಿಗೆ ಸೇರಿಸುವುದಾದರೆ ತಮಿಳುನಾಡಿನ ಸರ್ಟಿಫಿಕೇಟ್ ಅಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ಮೊದಲೇ ವಿಚಾರಿಸಬೇಕು.

ಈ ಕೊನೆಯ ಕೆಲಸಕ್ಕೆ ಮತ್ತೆ ಬೇಕಾಗುವವರು ಶಾಲೆಯ ಪಿ.ಟಿ. ಮೇಷ್ಟ್ರೇ. ಫಾರಂಗೆ ಸಹಿ ಹಾಕಿಸಿ, ಯಾವ ಮೈದಾನದಲ್ಲಿ ಯಾವ ದಿನ ಸೆಲೆಕ್ಷನ್ ಎಂದು ತಿಳಿಸಿ, ಕೆಲವೊಮ್ಮೆ ಬಸ್ ಚಾರ್ಜನ್ನೂ ಕೈಯಿಂದ ಕೊಟ್ಟು ಕಳಿಸುವವರು ಅವರು. ಕಾಲೇಜಿಗೆ ಸೇರಿದ ಮೇಲೆ ಮಗ ಮಗಳ ಕೈಗೆ ಕಪ್ಪು ಬಂದರೆ ಒಮ್ಮೆ ಹಳೆಯ ಶಾಲೆಯ ಕಡೆ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ ಬರಲಿ.